ಇಳಿಜಾರಿಗೊಂದು ಮಷೀನು

ನಮ್ಮ ಹಿತ್ತಲ ಹುಲ್ಲು ಕತ್ತರಿಸಲು ಒಂದು ಮಷೀನು ಆರಿಸುವುದಕ್ಕೆ ನಾನು ನಲವತ್ತಮೂರು ದಿನ ತೆಗೆದುಕೊಂಡೆ. ಆ ನಲವತ್ತಮೂರು ದಿನ ಹುಲ್ಲೇನೂ ಕೈಕಟ್ಟಿ ಕೂತಿರಲಿಲ್ಲ. ನಾನು ಶುರುಮಾಡಿದಾಗ ಪಾದ ಮುಚ್ಚುವಷ್ಟಿದ್ದದ್ದು, ನಾನೊಂದು ತೀರ್ಮಾನಕ್ಕೆ ಬರುವ ಹೊತ್ತಿಗೆ ಮೊಣಕಾಲು ದಾಟಿ, ತೆನೆ ಬಿಟ್ಟು, ಬೀಜ ಉದುರಿಸಿ, ಮಕ್ಕಳು ಮೊಮ್ಮಕ್ಕಳ ಏರ್ಪಾಟನ್ನೂ ಮುಗಿಸಿಕೊಂಡಿತ್ತು.

ನಾನು ಕನ್ನಡಕದ ಅಂಗಡಿಯವನು. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮು ಏರಿಸಿ, ಒಂದೊಂದೇ ಗಾಜು ಬದಲಿಸುತ್ತ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇಲ್ಲಾ ಇದರಲ್ಲಾ?" ಎಂದು ಕೇಳುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷ ಅದೊಂದೇ ಪ್ರಶ್ನೆ ಕೇಳಿ ಕೇಳಿ ನನಗೊಂದು ಭ್ರಮೆ ಹುಟ್ಟಿಕೊಂಡಿತ್ತು. ಏನನ್ನೇ ಆಗಲಿ, ಎರಡೆರಡಾಗಿ ಎದುರುಬದುರು ಇಟ್ಟು ನೋಡುತ್ತ ಹೋದರೆ ಕೊನೆಗೆ ಸರಿಯಾದದ್ದೇ ಉಳಿಯುತ್ತದೆ ಎಂದು. ಮದುವೆ ಮಾತ್ರ ಹಾಗೆ ಆಗಲಿಲ್ಲ. ನನ್ನನ್ನು ಆರಿಸಿದವಳು ನನ್ನ ಹೆಂಡತಿಯೇ, ಅದೂ ಎದುರಿಗೆ ಇನ್ನೊಬ್ಬನನ್ನು ಇಟ್ಟು ನೋಡದೆ. ಹಾಗಾಗಿ ಬಚಾವಾದೆ.

ಮನೆ ಕೊಳ್ಳುವಾಗ ನಮ್ಮ ಮುಂದೆ ಎರಡು ಮನೆಗಳಿದ್ದವು. ಒಂದು, ನನ್ನ ಹೆಂಡತಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿರುವ ಆಸ್ಪತ್ರೆಗೆ ಹತ್ತಿರ; ಹಿತ್ತಲು ಕೇರಂ ಬೋರ್ಡಿನಷ್ಟು ಸಪಾಟು. ಇನ್ನೊಂದು ಗುಡ್ಡದ ಪಕ್ಕೆಗೆ ಅಂಟಿಕೊಂಡದ್ದು. ಅಡುಗೆಮನೆ ಬಾಗಿಲು ತೆಗೆದರೆ ನೆಲ ಕಾಲ ಕೆಳಗಿನಿಂದ ಜಾರಿ ಹೊರಟುಬಿಡುತ್ತಿತ್ತು. ಕೆಳಗೊಂದು ತಂತಿ ಬೇಲಿ, ಅದರಾಚೆ ಪಕ್ಕದವರ ತರಕಾರಿ ಪಾತಿ, ಅದರಾಚೆ ಊರಿನ ಮನೆಗಳ ಮಾಡುಗಳು, ಅವುಗಳಾಚೆ ಬಿಸಿಲಿಗೆ ಹೊಳೆಯುವ ನದಿಯ ತುಂಡು. ನಾನು ಆ ಬಾಗಿಲಲ್ಲಿ ನಿಂತವನು ಅಲ್ಲೇ ಕರಗಿಹೋದೆ.

"ಕಣ್ಣಿಗೆ ದೂರದ ನೋಟ ಬಹಳ ಒಳ್ಳೇದು" ಎಂದೆ, ಕಸುಬಿನ ಗತ್ತಿನಲ್ಲಿ.

"ಇಷ್ಟೊಂದು ಇಳಿಜಾರಿದೆಯಲ್ರೀ. ಈ ಹಿತ್ತಲನ್ನ ನೋಡ್ಕೊಳ್ಳೋರ್ಯಾರು?" ಎಂದಳು ಹೆಂಡತಿ.

"ಏನ್ ಮಹಾ ಇಳಿಜಾರು! ನಾನಿಲ್ವಾ?"

ಅವಳು ಸಪಾಟು ಮನೆಯ ಪರವಾಗಿ ಮೂರು ದಿನ ವಾದಿಸಿದಳು. ನಾಲ್ಕನೆಯ ದಿನ ಮೌನವಾದಳು. ಮೌನವನ್ನು ಒಪ್ಪಿಗೆ ಎಂದುಕೊಂಡು ನಾನು ಮುಂಗಡ ಕೊಟ್ಟು ಬಂದೆ.

ನಮ್ಮ ಜೊತೆಗೆ ಅತ್ತೆಯೂ ಆ ಮನೆಗೆ ಬಂದರು. ಅತ್ತೆ ಅಂದರೆ ನನ್ನ ಹೆಂಡತಿಯ ತಾಯಿ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಮಷೀನುಗಳ ರಿಪೇರಿ ಮಾಡಿದವರು. ಎಪ್ಪತ್ತು ದಾಟಿದೆ, ಕೈ ಮಾತ್ರ ಇನ್ನೂ ನಡುಗುವುದಿಲ್ಲ. ಬಂದ ವಾರದಲ್ಲೇ ಮನೆಯ ಅಷ್ಟೂ ಬಾಗಿಲುಗಳ ಕಿರುಗುಟ್ಟುವ ಸದ್ದು ನಿಲ್ಲಿಸಿದ್ದರು. ನನ್ನನ್ನು "ಅಳಿಯಂದ್ರೇ" ಎನ್ನುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಒಂದೇ ಒಂದು ಸಲವೂ ಅವರ ಬಾಯಲ್ಲಿ ನನಗೆ ಏಕವಚನ ಬಂದದ್ದಿಲ್ಲ. ಆ ಮರ್ಯಾದೆಗೆ ನಾನು ಅರ್ಹನೇ ಎಂದು ಯೋಚಿಸುವ ಗೋಜಿಗೆ ನಾನೂ ಹೋಗಿರಲಿಲ್ಲ.

ಮೊದಲ ದೂರು ಬಂದದ್ದು ಬೇಲಿಯ ಕೆಳಗಿನಿಂದ. ಅಲ್ಲಿರುವವರು ನಿವೃತ್ತ ಬಸ್ ಡ್ರೈವರು. ಇಡೀ ಆಯುಷ್ಯ ಗುಡ್ಡದ ರಸ್ತೆಯಲ್ಲಿ ಬಸ್ಸು ಹತ್ತಿಸಿ ಇಳಿಸಿ, ಈಗ ಹುರುಳಿಕಾಯಿ ಬಳ್ಳಿಗಳನ್ನು ಸಾಲಾಗಿ ನಿಲ್ಲಿಸಿ ಶಿಸ್ತು ಕಲಿಸುತ್ತಿದ್ದರು.

"ಸ್ವಾಮೀ, ನಿಮ್ಮ ಹುಲ್ಲು ನನ್ನ ಪಾತೀಲಿ ಬಂದು ಸಂಸಾರ ಹೂಡ್ತಾ ಇದೆ" ಎಂದರು ಬೇಲಿಗೆ ಮೊಣಕೈ ಊರಿ. "ಬೀಜ ಹಾರಿ ಬರ್ತಿದೆ. ಒಂದ್ಸಲ ಕತ್ತರಿಸಿಬಿಡಿ."

"ಈ ವಾರಾನೇ ಮಾಡ್ತೀನಿ" ಎಂದೆ. ಯಾವ ವಾರ ಎಂದು ಅವರು ಕೇಳಬೇಕಿತ್ತು.

ಅವತ್ತೇ ಒಂದು ನೋಟ್‌ಬುಕ್ ಕೊಂಡೆ. ಬೇರೆಯವರಾಗಿದ್ದರೆ ಮಷೀನು ಕೊಳ್ಳುತ್ತಿದ್ದರು. ಶಾಲೆಯ ಕಾಲದ ಕೋನಮಾಪಕ ಹುಡುಕಿ ತೆಗೆದು, ಅದರ ನಡುವಿಗೆ ದಾರ ಕಟ್ಟಿ, ದಾರದ ತುದಿಗೊಂದು ನಟ್ಟು ತೂಗುಬಿಟ್ಟು, ಉದ್ದದ ಹಲಗೆಯ ಮೇಲಿಟ್ಟು ಹಿತ್ತಲಿನ ಓರೆಯನ್ನು ಅಳೆದೆ. ಮೇಲ್ಭಾಗ ಹನ್ನೆರಡು ಡಿಗ್ರಿ, ನಡುಭಾಗ ಹದಿನೆಂಟು, ಬೇಲಿಯ ಹತ್ತಿರ ಇಪ್ಪತ್ತಾರು. ಮೂರು ಭಾಗಕ್ಕೂ ಮೂರು ಬಣ್ಣ ಹಚ್ಚಿ ನಕ್ಷೆ ಬರೆದೆ. ನಕ್ಷೆ ಎಷ್ಟು ಚೆನ್ನಾಗಿ ಬಂತೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅತ್ತೆ ನೀರು ತೆಗೆಯಲು ಬಂದವರು ಅದನ್ನು ನೋಡಿ, "ಯಾವ ದೇಶ ಇದು?" ಎಂದರು.

"ನಮ್ಮ ಹಿತ್ತಲು, ಅತ್ತೆ."

"ಓಹೋ" ಎಂದು ಬಾಗಿಲು ಮುಚ್ಚಿದರು.

ಆಮೇಲೆ ಓದಲು ಕೂತೆ. ಇಳಿಜಾರಿನ ಬಗ್ಗೆ ಇಷ್ಟೊಂದು ತಿಳಿಯುವುದಿದೆ ಎಂದು ಯಾರಿಗೆ ಗೊತ್ತಿತ್ತು! ನಡೆದುಕೊಂಡು ತಳ್ಳುವ ಮಷೀನಾದರೆ ಇಳಿಜಾರಿಗೆ ಅಡ್ಡಡ್ಡ ಓಡಿಸಬೇಕು. ಕೂತು ಓಡಿಸುವುದಾದರೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಹುಲ್ಲು ಒದ್ದೆಯಿದ್ದಾಗ ಕಾಲಿಡಬಾರದು. ನೆಲ ತೀರಾ ಓರೆಯಾದರೆ ಪೆಟ್ರೋಲ್ ಎಂಜಿನ್ನಿನೊಳಗೆ ಆಯಿಲ್ ಒಂದು ಪಕ್ಕಕ್ಕೆ ಸರಿದು ಎಂಜಿನ್ ಒಣಗಿ ಸಾಯುತ್ತದೆ. ಇವನ್ನೆಲ್ಲ ಊಟದ ಹೊತ್ತಿನಲ್ಲಿ ಹೆಂಡತಿಗೂ ಅತ್ತೆಗೂ ವಿವರಿಸುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿಗಳಿಗೂ ಹೇಳಲು ಶುರುಮಾಡಿದ್ದೆ. ಒಬ್ಬರಂತೂ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಹೊತ್ತುಕೊಂಡೇ ಹತ್ತು ನಿಮಿಷ ಹಿಂದಿನ ಚಕ್ರದ ಎಳೆತ, ಮುಂದಿನ ಚಕ್ರದ ಎಳೆತ ಎಲ್ಲ ಕೇಳಿ, ಕೊನೆಗೆ, "ನನಗೆ ಓದೋಕೆ ಮಾತ್ರ ಸಾಕು" ಎಂದು ಮೆಲ್ಲಗೆ ಹೇಳಿದರು.

ಇಷ್ಟು ಓದಿದ ಮೇಲೆ ನನ್ನ ಮನಸ್ಸು ಹೋದದ್ದು ಕೂತು ಓಡಿಸುವ ಮಷೀನಿನ ಮೇಲೆ. ಕಾರಣ ತಾಂತ್ರಿಕವೆಂದು ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ ಬರೆದಿದ್ದೇನೆ. ನಿಜ ಹೇಳಬೇಕೆಂದರೆ, ನದಿಯ ಕಡೆ ಮುಖ ಮಾಡಿ, ಟೋಪಿ ಹಾಕಿಕೊಂಡು, ಸ್ಟೀರಿಂಗ್ ಹಿಡಿದು ಕೂತ ನನ್ನ ಚಿತ್ರವೊಂದು ಕಣ್ಣಮುಂದೆ ಬಂದುಬಿಟ್ಟಿತ್ತು. ಟೋಪಿಯನ್ನು ಮೊದಲೇ ಕೊಂಡಿದ್ದೆ.

ಫೋನಿನಲ್ಲೇ ತರಿಸಿದೆ. ಲಾರಿ ಬಂತು. ಇಬ್ಬರು ಅದನ್ನು ಹಲಗೆಯ ಮೇಲೆ ಇಳಿಸಿ, ಮನೆಯ ಪಕ್ಕದ ಸಣ್ಣ ಗೇಟಿನವರೆಗೆ ತಳ್ಳಿಕೊಂಡು ಬಂದರು. ಅಲ್ಲಿಗೆ ನಿಂತಿತು. ಗೇಟಿಗಿಂತ ಮಷೀನು ನಾಲ್ಕು ಬೆರಳು ಅಗಲವಾಗಿತ್ತು. ಜನರ ಎರಡು ಕಣ್ಣುಗಳ ನಡುವಿನ ಅಂತರವನ್ನು ಅರ್ಧ ಮಿಲಿಮೀಟರು ಆಚೀಚೆಯಾಗದಂತೆ ಅಳೆಯುವ ನಾನು, ಎರಡು ಗೇಟುಗಂಬಗಳ ನಡುವಿನ ಅಂತರವನ್ನು ಅಳೆದೇ ಇರಲಿಲ್ಲ. ಲಾರಿಯವರು ಕಂಬವನ್ನು ನೋಡಿದರು, ಮಷೀನನ್ನು ನೋಡಿದರು, ನನ್ನ ಟೋಪಿಯನ್ನು ನೋಡಿದರು.

"ಮನೆ ಒಳಗಿಂದ ತಗೊಂಡು ಹೋಗೋಕಾಗುತ್ತಾ?" ಎಂದೆ.

ಅತ್ತೆ ಕಿಟಕಿಯಿಂದ ಹೇಳಿದರು: "ಆಗುತ್ತೆ ಅಳಿಯಂದ್ರೇ. ಆ ಗೋಡೆ, ಈ ಗೋಡೆ ತೆಗೆದ್ರೆ ಆಗುತ್ತೆ."

ಬಂದ ಲಾರಿಯಲ್ಲೇ ಅದು ವಾಪಸು ಹೋಯಿತು. ಟೋಪಿ ಉಳಿಯಿತು.

ಇದರಿಂದ ಬುದ್ಧಿ ಬರಬೇಕಿತ್ತು, ಬಂದದ್ದು ಹಟ. ಇನ್ನು ಯಾವ ತಪ್ಪೂ ಆಗಬಾರದೆಂದು ತಳ್ಳುವ ಮಷೀನುಗಳ ಪಟ್ಟಿ ಮಾಡಿದೆ. ಹತ್ತೊಂಬತ್ತು ಸಿಕ್ಕವು. ಕಬಡ್ಡಿ ಪಂದ್ಯಾವಳಿಯ ಹಾಗೆ ಎರಡೆರಡನ್ನು ಎದುರುಬದುರು ನಿಲ್ಲಿಸಿ, ಸೋತದ್ದನ್ನು ಕೆಂಪು ಗೆರೆ ಎಳೆದು ಹೊರಗೆ ಹಾಕಿದೆ. ವಾರಗಟ್ಟಲೆ ನಡೆಯಿತು. ಅಂತಿಮ ಪಂದ್ಯಕ್ಕೆ ಎರಡು ಉಳಿದವು, ಎರಡೂ ಪೆಟ್ರೋಲಿನವು. ಒಂದರಲ್ಲಿ ಎಂಜಿನ್ ಓಡಿಸುವುದು ಹಿಂದಿನ ಚಕ್ರಗಳನ್ನು, ಇನ್ನೊಂದರಲ್ಲಿ ಮುಂದಿನವನ್ನು. ಎರಡನೆಯದು ನೋಡಲು ಚೆನ್ನಾಗಿತ್ತು. ಎಷ್ಟು ಯೋಚಿಸಿದರೂ ಬಗೆಹರಿಯದೆ, ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೊರಡಲು ಬಗ್ಗಿ ಶೂ ಲೇಸು ಕಟ್ಟುತ್ತಿದ್ದಾಗ ಎರಡು ಚಿತ್ರಗಳನ್ನೂ ಅವಳ ಮುಂದೆ ಹಿಡಿದೆ.

"ಇದು ಚೆನ್ನಾಗಿದೆಯಾ, ಇಲ್ಲಾ ಇದಾ?"

"ಎರಡನೇದು" ಎಂದಳು, ತಲೆ ಎತ್ತದೆ.

ಬೇಜಾರಾದ ಗಿರಾಕಿಗಳು ಕಣ್ಣು ಬಿಟ್ಟೂ ನೋಡದೆ "ಎರಡನೇದು" ಎಂದುಬಿಡುತ್ತಾರೆ. ಬೇಗ ಮುಗಿಯಲಿ ಎಂದು ಹೇಳುವ ಮಾತದು, ಅದನ್ನು ಯಾವತ್ತೂ ನಂಬಬಾರದು ಎಂದು ನಾನೇ ಹೊಸಬರಿಗೆ ಪಾಠ ಹೇಳುತ್ತೇನೆ. ಆದರೂ ನಂಬಿದೆ. ಮಷೀನು ಬಂತು. ಗೇಟಿನಲ್ಲಿ ಸಲೀಸಾಗಿ ನುಗ್ಗಿತು. ನುಗ್ಗಿದ್ದೇ ಸಾಕೆನ್ನಿಸಿ ನನಗೆ ಅರ್ಧ ಗೆದ್ದಷ್ಟು ಖುಷಿಯಾಯಿತು.

ಆ ಭಾನುವಾರ ಬಿಸಿಲು ಚೆನ್ನಾಗಿತ್ತು. ಅತ್ತೆ ಅಡುಗೆಮನೆಯ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತ ಕೂತಿದ್ದರು. ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಕೆಳಗೆ ಡ್ರೈವರು ಹುರುಳಿಬಳ್ಳಿಗೆ ಚಪ್ಪರದ ಕಡ್ಡಿ ಕಟ್ಟುತ್ತಿದ್ದರು. ಒಟ್ಟಿನಲ್ಲಿ ಪ್ರೇಕ್ಷಕರಿಗೆ ಕೊರತೆಯಿರಲಿಲ್ಲ.

ಮಷೀನಿನ ಹಿಡಿಯಲ್ಲಿ ಎರಡು ಕಂಬಿಗಳಿದ್ದವು. ಒಂದನ್ನು ಒತ್ತಿ ಹಿಡಿದಿದ್ದರೆ ಬ್ಲೇಡು ತಿರುಗುತ್ತದೆ, ಇನ್ನೊಂದನ್ನು ಒತ್ತಿದರೆ ಚಕ್ರ ಓಡುತ್ತದೆ. ಕೈ ಬಿಟ್ಟರೆ ಎರಡೂ ನಿಲ್ಲುತ್ತವೆ. ಇದು ಸೂಚನೆಯ ಪುಸ್ತಕದ ನಾಲ್ಕನೇ ಪುಟದಲ್ಲಿ ದಪ್ಪಕ್ಷರದಲ್ಲಿತ್ತು, ನಾನು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಮೇಲ್ಭಾಗದಲ್ಲಿ ಅಡ್ಡಡ್ಡ ನಾಲ್ಕು ಸಾಲು ಚೆನ್ನಾಗಿಯೇ ಹೋಯಿತು. ಅಲ್ಲಿಗೇ ನಿಲ್ಲಿಸಿ ಒಳಗೆ ಹೋಗಿದ್ದರೆ ಈ ಕತೆಯಲ್ಲಿ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ನಡುಭಾಗಕ್ಕೆ ಬಂದಾಗ ಒಂದು ಸಾಲು ತಪ್ಪಿ, ಅದನ್ನು ಸರಿಮಾಡಲು ಮಷೀನನ್ನು ಮೇಲಕ್ಕೆ ಹತ್ತಿಸಲು ನೋಡಿದೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ. ಮುಂದಿನ ಚಕ್ರಗಳಿಗೆ ನೆಲದ ಹಿಡಿತವೇ ಸಿಗದೆ ಸುಮ್ಮನೆ ಸುತ್ತತೊಡಗಿದವು. ಇದನ್ನೂ ಓದಿದ್ದೆ. ಓದಿದ್ದು ನೆನಪಾಗುವಷ್ಟರಲ್ಲಿ ನಾನು ಜಂಬದಿಂದ ಮಷೀನಿನ ಮೂತಿಯನ್ನು ಕೆಳಕ್ಕೆ ತಿರುಗಿಸಿಬಿಟ್ಟಿದ್ದೆ. ಮೇಲಕ್ಕೆ ಹೋಗದಿದ್ದರೆ ಕೆಳಗಿಂದಲೇ ಶುರು ಮಾಡೋಣ ಎಂದು.

ಕೆಳಕ್ಕೆ ಹೋಗಲು ಅದಕ್ಕೆ ಯಾವ ತಕರಾರೂ ಇರಲಿಲ್ಲ.

ಮೊದಲ ಹತ್ತು ಹೆಜ್ಜೆ ನಾನು ಅದನ್ನು ನಡೆಸುತ್ತಿದ್ದೆ. ಆಮೇಲೆ ಅದು ನನ್ನನ್ನು ನಡೆಸಿತು. ಆಮೇಲೆ ಓಡಿಸಿತು. ಹೆದರಿದವನು ಏನು ಮಾಡುತ್ತಾನೆ? ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುತ್ತಾನೆ. ನನ್ನ ಕೈಗೆ ಸಿಕ್ಕಿದ್ದದ್ದು ಆ ಎರಡು ಕಂಬಿಗಳು. ನಾನು ಗಟ್ಟಿಯಾಗಿ ಹಿಡಿದಷ್ಟೂ ಅದು ಜೋರಾಗಿ ಓಡಿತು. ಅದು ಜೋರಾಗಿ ಓಡಿದಷ್ಟೂ ನಾನು ಗಟ್ಟಿಯಾಗಿ ಹಿಡಿದೆ. ನಮ್ಮಿಬ್ಬರಲ್ಲಿ ಯಾರೂ ಸೋಲಲು ತಯಾರಿರಲಿಲ್ಲ.

"ಕೈ ಬಿಡಿ ಅಳಿಯಂದ್ರೇ!" ಎಂದು ಮೇಲಿನಿಂದ ಕೂಗು ಕೇಳಿಸಿತು.

ಬಿಡಲಿಲ್ಲ.

"ಕೈ ಬಿಡಿ!"

ಹುಲ್ಲು, ಆಕಾಶ, ನದಿ ಎಲ್ಲ ಒಟ್ಟಿಗೆ ನನ್ನ ಕಡೆ ಬರುತ್ತಿದ್ದವು.

"ಬಿಡೋ! ಕೈ ಬಿಡೋ ದಡ್ಡ ಮುಂಡೇದೇ!"

ಹತ್ತೊಂಬತ್ತು ವರ್ಷದ ಬಹುವಚನ ಆ ಇಳಿಜಾರಿನಲ್ಲಿ ಹೋಯಿತು. ಅದನ್ನು ಕೇಳಿಸಿಕೊಂಡು ನಾನು ಬೆಚ್ಚಿ ಹಿಂದಿರುಗಿ ನೋಡಿದ್ದೇ, ಎಡಗಾಲು ಮಡಚಿತು. ಕೈ ತಾನಾಗಿ ಬಿಟ್ಟಿತು. ಬ್ಲೇಡು ನಿಂತಿತು, ಚಕ್ರದ ಎಳೆತವೂ ನಿಂತಿತು, ಆದರೆ ಅಷ್ಟು ವೇಗ ಪಡೆದಿದ್ದ ಮಷೀನು ಎಂಜಿನ್ ಇಲ್ಲದೆಯೇ ಗೆದ್ದಲು ಹಿಡಿದ ಬೇಲಿಗಂಬವನ್ನು ಮುರಿದು, ಡ್ರೈವರ ಹುರುಳಿ ಚಪ್ಪರದೊಳಗೆ ಹೋಗಿ ಬಳ್ಳಿ ಸುತ್ತಿಕೊಂಡು ಮಲಗಿತು. ನಾನು ಕೂತ ಭಂಗಿಯಲ್ಲೇ ಜಾರಿಕೊಂಡು ಅದರ ಹಿಂದೆಯೇ ಬಂದು ತಲುಪಿದೆ.

ಡ್ರೈವರು ಕೈಯಲ್ಲಿದ್ದ ಕಡ್ಡಿಯನ್ನು ನಿಧಾನವಾಗಿ ಕೆಳಗಿಟ್ಟರು.

"ಪೆಟ್ಟಾಯ್ತಾ?"

"ಕಾಲು."

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಪಾದವನ್ನು ಮುಟ್ಟಿ ನೋಡಿದರು. ಆಮೇಲೆ ಮಷೀನನ್ನು ನೋಡಿದರು. "ಕೈ ಬಿಟ್ಟಿದ್ರೆ ಮೇಲೇ ನಿಂತುಬಿಡ್ತಿತ್ತು, ಅಲ್ವಾ ಸ್ವಾಮಿ?"

"ಹೌದು. ಪುಸ್ತಕದಲ್ಲಿತ್ತು."

"ಎಷ್ಟನೇ ಪುಟ?"

"ನಾಲ್ಕು."

"ಅಷ್ಟು ದೂರ ಓದಿದ್ರಿ ಅನ್ನಿ" ಎಂದು ಎದ್ದು, ಕಾರು ತರಲು ಹೋದರು. ಚಪ್ಪರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅತ್ತೆ ಬಟಾಣಿಯ ಬುಟ್ಟಿ ಹಿಡಿದುಕೊಂಡೇ ಇಳಿದು ಬಂದಿದ್ದರು. ನಾನು ಎರಡು ಕಾಲಿನಲ್ಲಿ, ನಾಲ್ಕು ಚಕ್ರದಲ್ಲಿ ಇಳಿಯಲಾರದ ಇಳಿಜಾರನ್ನು ಅವರು ಬಟಾಣಿ ಚೆಲ್ಲದೆ ಇಳಿದಿದ್ದರು. ಮುಖ ಕೆಂಪಾಗಿತ್ತು. "ಅವಸರಕ್ಕೆ ಬಾಯಿಗೆ ಬಂದುಬಿಡ್ತು" ಎಂದರು. "ತಪ್ಪು ತಿಳ್ಕೋಬೇಡಿ."

"ಸರಿಯಾಗೇ ಇತ್ತು ಅತ್ತೆ" ಎಂದೆ.

ಆಸ್ಪತ್ರೆಯಲ್ಲಿ ನನ್ನ ಕಾಲಿನ ಎಕ್ಸ್‌ರೇ ತೆಗೆಯುವ ಸರದಿ ನನ್ನ ಹೆಂಡತಿಗೇ ಬಂತು. ಗಾಲಿಕುರ್ಚಿಯಲ್ಲಿ, ಕೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡು ಕೂತಿದ್ದ ನನ್ನನ್ನು ನೋಡಿದಾಗ ಅವಳ ಮುಖದಲ್ಲಿ ಮೊದಲು ಗಾಬರಿ ಬಂತು. ಕಾಗದದ ಮೇಲೆ ಬರೆದಿದ್ದ ಕಾರಣವನ್ನು ಓದಿದ ಮೇಲೆ ತುಟಿ ಕಚ್ಚಿಕೊಂಡಳು.

ಅವಳ ಕೆಲಸದ ಕೋಣೆಯನ್ನು ನಾನು ಅಷ್ಟು ಸರಿಯಾಗಿ ನೋಡಿದ್ದು ಅವತ್ತೇ. ಕಿಟಕಿಯಿಲ್ಲ. ಬೂದು ಗೋಡೆ, ತಣ್ಣಗಿನ ಮೇಜು, ಮೂಲೆಯಲ್ಲಿ ಮೊಳೆಗೆ ತೂಗುಹಾಕಿದ ಭಾರದ ಏಪ್ರನ್ನುಗಳು, ಗಾಜಿನ ಹಿಂದೆ ಅವಳು ನಿಲ್ಲುವಷ್ಟೇ ಜಾಗ. ಹದಿನೇಳು ವರ್ಷದಿಂದ ದಿನಕ್ಕೆ ಎಂಟು ಗಂಟೆ ಅವಳು ಇರುವುದು ಇಲ್ಲಿ. ನನ್ನ ಪಾದವನ್ನು ಒಂದು ಕೋನಕ್ಕೆ ತಿರುಗಿಸಿ, ಕೆಳಗೆ ಮೆತ್ತನೆಯ ದಿಂಬಿಟ್ಟು, ಗಾಜಿನ ಹಿಂದೆ ಹೋದಳು.

"ಅಲ್ಲಾಡ್ಬೇಡಿ."

ಅಲ್ಲಾಡದೆ ಮಲಗಿದೆ. ಮುಖ ನೋಡಿಕೊಂಡಾದರೆ ಹೇಳಲು ಆಗುತ್ತಿರಲಿಲ್ಲವೇನೋ. ಚಾವಣಿ ನೋಡುತ್ತ ಹೇಳಿಬಿಟ್ಟೆ.

"ಆ ಮನೆ ತಗೊಂಡಿದ್ದೇ ತಪ್ಪಾಯ್ತು. ನೀನು ಹೇಳಿದ್ದೇ ಸರಿ. ನಾನು ಕೇಳಲಿಲ್ಲ."

ಟಿಕ್ ಎಂದಿತು ಯಂತ್ರ. ಅವಳು ಹೊರಗೆ ಬಂದು ನನ್ನ ಪಾದವನ್ನು ಇನ್ನೊಂದು ಕಡೆಗೆ ತಿರುಗಿಸಿದಳು.

"ಈ ಮಾತು ಹೇಳೋಕಾಗದೇ ಒಂದೂವರೆ ತಿಂಗಳು ಮಷೀನ್ ಹುಡುಕಿದ್ರಾ?"

"ಸರಿಯಾದ ಮಷೀನ್ ಸಿಕ್ಕಿದ್ರೆ ಹೇಳೋ ಅಗತ್ಯಾನೇ ಇರ್ತಿರ್ಲಿಲ್ಲ" ಎಂದೆ. ಬಾಯಿಂದ ಹೊರಬಿದ್ದ ಮೇಲೆ ಅದೇ ನಿಜವೆಂದು ನನಗೂ ತಿಳಿಯಿತು. ಹನ್ನೆರಡು ಡಿಗ್ರಿ, ಹದಿನೆಂಟು ಡಿಗ್ರಿ ಎಂದು ನಾನು ಅಷ್ಟು ದಿನ ಅಳೆದದ್ದು ನನ್ನ ತಪ್ಪು ಎಷ್ಟು ದೊಡ್ಡದು ಎಂಬುದನ್ನೇ. ಬಣ್ಣ ಬೇರೆ ಹಚ್ಚಿದ್ದೆ.

"ಮೊದಲ ಮೂರು ತಿಂಗಳು ನಿಮ್ಮ ಮೇಲೆ ಕೆಂಡದಂಥ ಸಿಟ್ಟಿತ್ತು" ಎಂದಳು. ಕೈ ನನ್ನ ಪಾದದ ಮೇಲೇ ಇತ್ತು. "ಬಸ್ಸಲ್ಲಿ ಮುಕ್ಕಾಲು ಗಂಟೆ. ಸಪಾಟು ಮನೆ ಆಗಿದ್ರೆ ನಡ್ಕೊಂಡೇ ಬರ್ತಿದ್ದೆ."

"ಆಮೇಲೆ?"

"ಆಮೇಲೆ ಹೋಯ್ತು. ಇಲ್ಲಿಂದ ಬಂದು ಅಡುಗೆಮನೆ ಬಾಗಿಲು ತೆಗೆದು ಹತ್ತು ನಿಮಿಷ ನಿಂತ್ಕೋತೀನಲ್ಲ, ನೀವು ನೋಡೇ ಇಲ್ವಾ? ಇಡೀ ದಿನ ಈ ಗೋಡೆ ನೋಡಿರ್ತೀನಿ. ಅಲ್ಲಿ ನಿಂತ್ರೆ ಕಣ್ಣು ಬಿಚ್ಕೊಂಡ ಹಾಗಾಗುತ್ತೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಹಿಡಿಯೋರ್ಯಾರು?" ಎಂದು ಮತ್ತೆ ಗಾಜಿನ ಹಿಂದೆ ಹೋದಳು. "ಅಲ್ಲಾಡ್ಬೇಡಿ ಅಂದೆ!"

ನಾನು ನಗುತ್ತಿದ್ದೆ, ಅದಕ್ಕೆ ಚಿತ್ರ ಮಸುಕಾಗಿ ಬಂತು. ಎರಡನೇ ಸಲ ತೆಗೆಯಬೇಕಾಯಿತು. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಮೂರು ವಾರ ಕಾಲು ಊರಬಾರದು ಎಂದರು ಡಾಕ್ಟರು.

ಮೂರು ವಾರ ಹುಲ್ಲು ಕಾಯುವುದಿಲ್ಲವಲ್ಲ. ಆ ಶನಿವಾರ ಅತ್ತೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನಡೀರಿ, ನಾನೂ ಒಂದ್ಸಲ ಅಂಗಡಿ ನೋಡ್ತೀನಿ" ಎಂದರು. ಕೆಟ್ಟ ಮಷೀನನ್ನು ಡ್ರೈವರ ಕಾರಿನ ಹಿಂದೆ ಹಾಕಿಕೊಂಡು ಹೊರಟೆವು. ನಾನು ಊರುಗೋಲು, ನೋಟ್‌ಬುಕ್ ಎರಡನ್ನೂ ತೆಗೆದುಕೊಂಡಿದ್ದೆ. ನೋಟ್‌ಬುಕ್ಕನ್ನು ಕಾರಿನಲ್ಲೇ ಬಿಡಿಸಿದರು.

ಅಂಗಡಿಯಾಕೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಗಟ್ಟಿ ಹೆಂಗಸು. ನನ್ನನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿದರು. ಅತ್ತೆ ಅಲ್ಲಿದ್ದ ಮಷೀನುಗಳ ಸಾಲಿನ ಮುಂದೆ ಒಂದು ಸಲ ನಡೆದು ಹೋದರು, ಸುಮ್ಮನೆ. ವಾಪಸು ಬರುವಾಗ ಒಂದೊಂದನ್ನೂ ಹಿಡಿ ಹಿಡಿದು ಮೇಲೆತ್ತಿದರು. ಎತ್ತಲು ಆಗದ್ದನ್ನು ಬಿಟ್ಟರು. ಅಲ್ಲಿಗೆ ಅರ್ಧಕ್ಕರ್ಧ ಖಾಲಿ. ಉಳಿದವನ್ನು ಬಗ್ಗಿಸಿ ಹೊಟ್ಟೆಯ ಕೆಳಗೆ ಕೈಯಾಡಿಸಿ, ಬೋಲ್ಟುಗಳನ್ನು ಬೆರಳಿನಲ್ಲಿ ಅಲ್ಲಾಡಿಸಿ ನೋಡಿದರು.

"ಯಾವ ತರಹ ಜಾಗ ಅಮ್ಮ?" ಎಂದರು ಅಂಗಡಿಯಾಕೆ.

ನಾನು ಡಿಗ್ರಿ ಹೇಳಲು ಬಾಯಿ ತೆರೆದೆ.

"ಬಟಾಣಿ ಬುಟ್ಟಿ ಇಟ್ಟರೆ ಉರುಳಿ ಹೋಗುತ್ತೆ" ಎಂದರು ಅತ್ತೆ.

"ಗೊತ್ತಾಯ್ತು ಬಿಡಿ." ಅಂಗಡಿಯಾಕೆ ಮೂರು ಪೆಟ್ರೋಲ್ ಮಷೀನುಗಳನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳಿದರು. ಒಂದು ಸಣ್ಣ ಬ್ಯಾಟರಿಯದನ್ನು ಮುಂದಕ್ಕೆ ಎಳೆದರು. ಅಗಲ ಕಡಿಮೆ, ಹಿಂದಿನ ಚಕ್ರ ದೊಡ್ಡವು. ಬಣ್ಣ ಬಸಳೆ ಸೊಪ್ಪಿನದು. ನನ್ನ ಪಂದ್ಯಾವಳಿಯಲ್ಲಿ ಅದು ಮೊದಲ ಸುತ್ತಿನಲ್ಲೇ ಸೋತು ಹೊರಗೆ ಹೋಗಿತ್ತು.

ಅತ್ತೆ ಅದನ್ನು ಒಂದೇ ಕೈಯಲ್ಲಿ ಎತ್ತಿ ಇಳಿಸಿದರು. "ಚಾಲೂ ಮಾಡಿ" ಎಂದರು. ಅಂಗಡಿಯ ಹಿಂದಿನ ಅಂಗಳದಲ್ಲಿ ಚಾಲೂ ಮಾಡಿದರು. ಅತ್ತೆ ಕಿವಿ ಓರೆ ಮಾಡಿ ಸದ್ದು ಕೇಳಿದರು, ಹಿಡಿಯ ಮೇಲೆ ಅಂಗೈ ಇಟ್ಟು ಎಷ್ಟು ಅದುರುತ್ತದೆಂದು ನೋಡಿದರು. ಆಮೇಲೆ ಥಟ್ಟನೆ ಕೈ ಬಿಟ್ಟರು. "ಒಂದು, ಎರಡು" ಎಂದು ಎಣಿಸಿದರು. ಮೂರು ಎನ್ನುವ ಮೊದಲು ಬ್ಲೇಡು ನಿಂತಿತ್ತು.

"ಇದೇ ಇರಲಿ."

"ಇನ್ನೊಂದೆರಡು ನೋಡೋಣ್ವಾ ಅತ್ತೆ, ಹೋಲಿಸೋಕೆ?" ಎಂದೆ ಸ್ಟೂಲಿನಿಂದ. ಅಭ್ಯಾಸ ಬಿಡಬೇಕಲ್ಲ.

ಇಬ್ಬರು ಹೆಂಗಸರೂ ನನ್ನ ಕಾಲಿನ ಕಟ್ಟು ನೋಡಿದರು. ಗೋಡೆಯ ಗಡಿಯಾರ ನೋಡಿದೆ: ಬಂದು ಇಪ್ಪತ್ತು ನಿಮಿಷವಾಗಿತ್ತು. ನನ್ನ ಮಷೀನನ್ನು ಅಂಗಡಿಯಾಕೆ ಹಳೆಯದೆಂದು ವಾಪಸು ತೆಗೆದುಕೊಂಡು, ಚಕ್ರಕ್ಕೆ ಸುತ್ತಿದ್ದ ಹುರುಳಿ ಬಳ್ಳಿಯನ್ನು ಬಿಡಿಸಿ, ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟರು.

ಮಾರನೆಯ ದಿನ ಅತ್ತೆ ಇಳಿಜಾರಿಗೆ ಇಳಿದರು. ಕಾರ್ಖಾನೆಯ ಕಾಲದ ದಪ್ಪ ಅಟ್ಟೆಯ ಶೂ ಹಾಕಿದ್ದರು. ಅವಸರವಿಲ್ಲದೆ, ಉದ್ದನೆಯ ಹೊಲಿಗೆ ಹಾಕುವವರ ಹಾಗೆ ಅಡ್ಡಡ್ಡ ಸಾಲು ಹಿಡಿದು ಹೋದರು. ಒಂದು ಬ್ಯಾಟರಿ ಮುಗಿದರೆ ನಿಂತು ನೀರು ಕುಡಿದರು. ನಾನು ಮೇಲೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಎರಡನೇ ಬ್ಯಾಟರಿಯನ್ನು ಚಾರ್ಜಿಗೆ ಹಾಕುವ ಜವಾಬ್ದಾರಿ ಹೊತ್ತಿದ್ದೆ. ಒಂದು ಸಲ ತಿರುಗಾ ಮುರುಗಾ ಹಾಕಿದ್ದೆ ಅನ್ನುವುದು ಬಿಟ್ಟರೆ ಚೆನ್ನಾಗಿಯೇ ನಿಭಾಯಿಸಿದೆ.

ಬೇಲಿಯ ಹತ್ತಿರದ ಕಡಿದಾದ ಪಟ್ಟಿಗೆ ಬಂದಾಗ ಅತ್ತೆ ಮಷೀನು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇಲ್ಲಿ ಏನ್ ಮಾಡೋದು?" ಎಂದು ಮೇಲಿನಿಂದ ಕೂಗಿದೆ. ನನ್ನ ನಕ್ಷೆಯಲ್ಲಿ ಅದು ಕೆಂಪು ಬಣ್ಣದ ಭಾಗ. ಅದಕ್ಕಾಗಿಯೇ ನಾನು ಹನ್ನೊಂದು ಪುಟ ಬರೆದಿದ್ದೆ: ಹಗ್ಗ ಕಟ್ಟಿ ಇಳಿಬಿಡುವುದು, ಗಾಳಿಯ ಮೇಲೆ ತೇಲುವ ಮಷೀನು, ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟ್ಟರು.

"ಇಲ್ಲಿ ಯಾಕ್ರೀ ಕತ್ತರಿಸ್ಬೇಕು?" ಎಂದರು ಅತ್ತೆ.

ಆ ಪ್ರಶ್ನೆ ನನ್ನ ನೋಟ್‌ಬುಕ್ಕಿನಲ್ಲಿರಲಿಲ್ಲ.

ಡ್ರೈವರು ಹೊಸ ಬೇಲಿಗಂಬ ನೆಡುತ್ತಿದ್ದವರು ತಲೆಯೆತ್ತಿ, "ಹುಲ್ಲು ಕಿತ್ತು ಕುಂಬಳ ಹಬ್ಬಿಸಿಬಿಡೋಣ ಅಮ್ಮಾ" ಎಂದರು. "ಮಣ್ಣೂ ಜಾರಲ್ಲ, ಬೀಜಾನೂ ಹಾರಲ್ಲ. ನಾನು ಗಿಡ ಕೊಡ್ತೀನಿ. ನಿಮ್ಮ ಅಳಿಯಂದ್ರನ್ನ ಮಾತ್ರ ಮೇಲೇ ಇಟ್ಕೊಳ್ಳಿ."

ಹಾಗೇ ಆಯಿತು. ಇಬ್ಬರೂ ಸೇರಿ ಎರಡು ಮಧ್ಯಾಹ್ನದಲ್ಲಿ ಕೆಂಪು ಭಾಗವನ್ನು ಮುಗಿಸಿದರು. ನನ್ನ ಪಾಲಿನ ದಂಡವಾಗಿ ನಾನು ಮೇಲೆ ಕೂತು ಹೊಸ ಚಪ್ಪರಕ್ಕೆ ಬೇಕಾದ ದಾರವನ್ನು ಮೊಳದುದ್ದಕ್ಕೆ ಕತ್ತರಿಸಿ ಕಟ್ಟು ಕಟ್ಟಿಕೊಟ್ಟೆ. ಎಲ್ಲವೂ ಒಂದೇ ಅಳತೆ, ಡ್ರೈವರು ಮೆಚ್ಚಿದರು. ಹೆಂಡತಿ ಸಂಜೆ ಬಂದವಳು ಬ್ಯಾಗು ಇಳಿಸದೆಯೇ ಅಡುಗೆಮನೆ ಬಾಗಿಲಲ್ಲಿ ನಿಂತಳು. ಈ ಸಲ ನಾನು ನೋಡಿದೆ. ಗಡಿಯಾರವನ್ನೂ ನೋಡಿದೆ. ಹತ್ತಲ್ಲ, ಹದಿನಾಲ್ಕು ನಿಮಿಷ. ಅವಳಿಗೆ ಹೇಳಲಿಲ್ಲ. ಹೇಳಿದರೆ ಅದಕ್ಕೂ ಒಂದು ನೋಟ್‌ಬುಕ್ ಕೊಂಡೆನೆಂದು ಅಂದುಕೊಂಡಾಳು.

ಕಾಲು ಸರಿಯಾದ ಮೇಲೆ ನಾನೂ ಒಂದು ಸಲ ಓಡಿಸಿ ನೋಡುತ್ತೇನೆ ಎಂದು ಅತ್ತೆಯ ಹತ್ತಿರ ಕೇಳಿದೆ. ಅವರು ನನ್ನ ಕಾಲನ್ನು ಎರಡು ಸಲ ಊರಿಸಿ ನೋಡಿದರು. ಆಮೇಲೆ ನನ್ನನ್ನು ಹೂಕುಂಡಗಳ ಪಕ್ಕಕ್ಕೆ ಕರೆದುಕೊಂಡು ಹೋಗಿ, ಎರಡು ಚಾಪೆ ಹಾಸುವಷ್ಟು ಅಗಲದ ಒಂದು ಜಾಗ ತೋರಿಸಿದರು. ಇಡೀ ಹಿತ್ತಲಿನಲ್ಲಿ ಅದೊಂದೇ ಸಪಾಟು.

"ಇದು ನಿಮ್ಮದು ಅಳಿಯಂದ್ರೇ" ಎಂದರು. "ನಿಧಾನಕ್ಕೆ ಮಾಡಿ. ಭಯವಾದ್ರೆ ಕೈ ಬಿಡಿ."

ಪ್ರತಿ ಭಾನುವಾರ ಬೆಳಿಗ್ಗೆ ಆ ಜಾಗವನ್ನು ನಾನೇ ಕತ್ತರಿಸುತ್ತೇನೆ. ಎರಡೂವರೆ ನಿಮಿಷ ಹಿಡಿಯುತ್ತದೆ. ಮುಗಿಸಿ ಮಷೀನು ಪಕ್ಕಕ್ಕಿಟ್ಟು ಹಣೆ ಒರೆಸಿಕೊಂಡಾಗ, ಅತ್ತೆ ಬಂದು ಒಂದು ಮೂಲೆಯಲ್ಲಿ ಉಳಿದ ನಾಲ್ಕು ಎಳೆ ಹುಲ್ಲನ್ನು ಕತ್ತರಿಯಲ್ಲಿ ಕತ್ತರಿಸಿ ಒಳಗೆ ಹೋಗುತ್ತಾರೆ.